ಗೋಡೆಯ ಹದಿನಾಲ್ಕು ಸೋಮವಾರಗಳು

ನಮ್ಮ ಲಿಪಾ ಹೈಸ್ಕೂಲು ಮುಚ್ಚಿದ್ದು ಬಾಸ್ಕೆಟ್‌ಬಾಲ್ ಆಡುವ ಜಿಮ್ಮಿನ ಗೋಡೆ ಬಿರುಕು ಬಿಟ್ಟಿದ್ದರಿಂದ ಎಂದು ಊರವರೆಲ್ಲ ಹೇಳುತ್ತಾರೆ. ಅಲ್ಲ. ಆ ಬಿರುಕು ನಾನು ಲಂಗ ಹಾಕಿಕೊಂಡು ಅದೇ ಶಾಲೆಗೆ ಹೋಗುತ್ತಿದ್ದಾಗಲೂ ಇತ್ತು. ಶಾಲೆ ಮುಚ್ಚಿದ್ದು ನಾವು ಅದನ್ನು ಅಳೆದದ್ದರಿಂದ. ಅಳೆಯಿರಿ ಎಂದು ಮಕ್ಕಳ ಕೈಗೆ ವರ್ನಿಯರ್ ಕೊಟ್ಟವಳು ನಾನು, ಲೊರೇನ್ ವೊಂದ್ರಾ, ಮೂವತ್ತೊಂದು ವರ್ಷ ಗಣಿತ ಕಲಿಸಿದವಳು.

ಪ್ರಾಜೆಕ್ಟಿನ ಹುಚ್ಚು ಹತ್ತಿಸಿದವನು ಕರ್ಟಿಸ್ ಬೆಹ್ರೆನ್ಸ್. ಲಿಪಾ, ಮಾರ್ಟನ್ ಎರಡೂ ಊರಿನ ಶಾಲೆಗಳಿಗೆ ಅವನೇ ಸೂಪರಿಂಟೆಂಡೆಂಟ್. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ, ನಾಲ್ಕು ಬೈದು ಸುಮ್ಮನಾಗುತ್ತಿದ್ದೆ.

"ಲೊರೇನ್, ಇನ್ಮೇಲೆ ಪುಸ್ತಕ ಮುಚ್ಚಿಡಿ," ಎಂದ ಜುಲೈನಲ್ಲಿ ನನ್ನನ್ನು ಆಫೀಸಿಗೆ ಕರೆಸಿ. "ಮಕ್ಕಳು ನಿಜವಾದ ಒಂದು ಪ್ರಶ್ನೆ ಹಿಡ್ಕೊಂಡು ಕೆಲಸ ಮಾಡ್ಬೇಕು. ನಿಜವಾದ ಜನರ ಮುಂದೆ ಉತ್ತರ ಇಡ್ಬೇಕು."

"ಅಂದ್ರೆ ಇಷ್ಟು ವರ್ಷ ನಾನು ಸುಳ್ಳು ಪ್ರಶ್ನೆ ಕೇಳ್ತಾ ಕೂತಿದ್ನಾ?"

"ಅಯ್ಯೋ, ಹಾಗಲ್ಲ," ಎಂದು ನಕ್ಕ. ಹಾಗೇ ಎಂದು ಅವನ ನಗುವೇ ಹೇಳುತ್ತಿತ್ತು.

ಒಮಾಹಾ ನಗರದ ಹೋಟೆಲೊಂದರಲ್ಲಿ ಮೂರು ದಿನ ತರಬೇತಿ. ನಲವತ್ತು ಜನ ಮಾಸ್ತರರು, ಟೀಚರುಗಳು ನೆಲದ ಮೇಲೆ ಕೂತು ಒಣ ಸ್ಪಾಗೆಟಿ ಕಡ್ಡಿಗಳಿಗೆ ಟೇಪು ಸುತ್ತಿ ಗೋಪುರ ಕಟ್ಟಿದೆವು. ನಮ್ಮ ಗುಂಪಿನದು ಎರಡು ಸಲ ಬಿತ್ತು. ತರಬೇತಿ ಕೊಡುವ ಹುಡುಗಿ "ಬಿದ್ದಿದ್ದೂ ಕಲಿಕೆನೇ!" ಎಂದು ಚಪ್ಪಾಳೆ ತಟ್ಟಿದಳು. ಮಂಡಿ ನೋವಿನಲ್ಲಿ ನನಗೆ ಏಳುವುದಕ್ಕೇ ಆಗಲಿಲ್ಲ. ಕೊನೆಯ ದಿನ ಎಲ್ಲರ ಕೊರಳಿಗೂ ಒಂದೊಂದು ಹಳದಿ ಕಾರ್ಡು ಹಾಕಿದರು. ಮಗು ಉತ್ತರ ಕೇಳಿದರೆ ಉತ್ತರ ಕೊಡಕೂಡದು, ತಿರುಗಿ ಪ್ರಶ್ನೆ ಕೇಳಬೇಕು. ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಆ ಕಾರ್ಡಿನಲ್ಲಿತ್ತು. ಮೊದಲನೆಯದು, "ನಿನಗೇನನ್ನಿಸುತ್ತೆ?"

ಸೆಪ್ಟೆಂಬರಿನಲ್ಲಿ ನನ್ನ ಹನ್ನೊಂದನೇ ಕ್ಲಾಸಿನ ಒಂಬತ್ತು ಮಕ್ಕಳ ಮುಂದೆ ಆ ಕಾರ್ಡು ನೇತುಹಾಕಿಕೊಂಡು ನಿಂತೆ. "ಪ್ರಶ್ನೆ ನಿಮ್ಮದು. ನಾನು ಹೇಳಲ್ಲ," ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟಕ್ಕೆ ದಿನಾ ಪಿಟ್ಸಾ ಯಾಕಿಲ್ಲ ಎಂದು ಬ್ರೈಸ್ ಎನ್ನುವ ತರಲೆ ಹುಡುಗ ಕೇಳಿದ. ಆಮೇಲೆ ಟೆಸ್ಸಾ ಮಾಲೆಕ್ ಕೈ ಎತ್ತಿದಳು.

"ಜಿಮ್ ಗೋಡೆ ಯಾವ ಕಡೆ ಹೋಗ್ತಾ ಇದೆ, ಮಿಸೆಸ್ ವಿ?"

ಟೆಸ್ಸಾ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದವಳು. ಮಾತು ಕಡಿಮೆ, ನೋಟು ಪುಸ್ತಕದಲ್ಲಿ ಅಂಕೆಗಳನ್ನು ಸಾಲಾಗಿ, ಅಚ್ಚುಕಟ್ಟಾಗಿ ಬರೆಯುವ ಹುಡುಗಿ. ಅವಳ ಮುತ್ತಜ್ಜ ಆ ಜಿಮ್ಮಿಗೆ ಇಟ್ಟಿಗೆ ಹೊತ್ತವನು. ಶುಕ್ರವಾರ ಸಂಜೆ ಆಟ ಇದ್ದರೆ ಊರಿಗೂರೇ ಆ ಜಿಮ್ಮಿನಲ್ಲಿ. ಅಜ್ಜಿಯರು ಗಸಗಸೆ ತುಂಬಿದ ಕೊಲಾಚೆ ಬನ್ನು ಬೇಯಿಸಿ ತಂದು ಬಾಗಿಲ ಬಳಿ ಮಾರುತ್ತಾರೆ, ಆಡುವ ಹುಡುಗಿಯರ ಹೆಸರು ಹಿಡಿದು ಕೂಗುತ್ತಾರೆ, ರೆಫರಿಯನ್ನು ಬೈಯುತ್ತಾರೆ. ಉತ್ತರದ ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಬಿರುಕು. ಅದರ ಕೆಳಗೇ ಬೆಂಚು ಹಾಕಿ ಕೂರುತ್ತಿದ್ದರು, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ಮಕ್ಕಳ ಲೆಕ್ಕಾಚಾರ ಸರಳವಾಗಿತ್ತು. ಗೋಡೆ ಸರಿಯುತ್ತಿದೆ ಎಂದು ಅಳತೆ ಸಮೇತ ತೋರಿಸಿದರೆ ಶಾಲಾ ಬೋರ್ಡಿನವರು ರಿಪೇರಿ ಮಾಡಿಸುತ್ತಾರೆ, ಮುಂದಿನ ವರ್ಷ ಟೆಸ್ಸಾಳ ಕೊನೆಯ ಸೀಸನ್ನಿಗೆ ಜಿಮ್ ಹೊಸದಾಗಿರುತ್ತದೆ. ನಾನಾದರೂ ಯೋಚಿಸಬೇಕಿತ್ತು. ಬೋರ್ಡಿನಲ್ಲಿ ಏಳು ಜನ, ಐವರು ಮಾರ್ಟನ್ನಿನವರು. ಲಿಪಾದ ಶಾಲೆ ಮುಚ್ಚಿ ಮಕ್ಕಳನ್ನೆಲ್ಲ ನಲವತ್ತು ಮೈಲಿ ದೂರದ ಮಾರ್ಟನ್ನಿಗೆ ಬಸ್ಸಿನಲ್ಲಿ ಸಾಗಿಸಬೇಕೆಂದು ಅವರಲ್ಲಿ ಕೆಲವರು ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು. ಎರಡು ಸಲ ಮತಕ್ಕೆ ಹಾಕಿ ಎರಡು ಸಲವೂ ಒಂದೊಂದು ಮತದಲ್ಲಿ ಸೋತಿದ್ದರು. ಅವರಿಗೆ ತಕ್ಕ ಕಾರಣ ಸಿಕ್ಕಿರಲಿಲ್ಲ, ಅಷ್ಟೇ.

ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ಮೊಳೆಗಳ ನಡುವಿನ ಅಂತರವನ್ನು ಪ್ರತಿ ಸೋಮವಾರ ಅಳೆಯುವುದೆಂದು ಟೆಸ್ಸಾ ಉಪಾಯ ಮಾಡಿದಳು. ಬ್ರೈಸ್ ವಿಜ್ಞಾನದ ಲ್ಯಾಬಿನಿಂದ ಹನ್ನೆರಡು ಗಾಜಿನ ಪಟ್ಟಿ ತಂದು ಬಿರುಕಿನ ಮೇಲೆ ಅಡ್ಡಲಾಗಿ ಅಂಟಿಸಿದ. ಗೋಡೆ ಕದಲಿದರೆ ಗಾಜು ಒಡೆಯಬೇಕು. ಏಣಿ ಹಿಡಿದುಕೊಂಡಿದ್ದವನು ಎಮಿಲ್ ಪೊಸ್ಪಿಶಿಲ್. ನಲವತ್ತು ವರ್ಷದಿಂದ ನಮ್ಮ ಶಾಲೆ ಗುಡಿಸಿ, ಒರೆಸಿ, ಬಾಯ್ಲರ್ ನೋಡಿಕೊಂಡವನು. ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕದ ಬೆಂಚಿನವನು.

ಮಕ್ಕಳು ಹೋದ ಮೇಲೆ ಎಮಿಲ್ ನನ್ನ ಕ್ಲಾಸಿಗೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವನು ಟೋಪಿ ತೆಗೆದರೆ ವಿಷಯ ದೊಡ್ಡದು ಎಂದರ್ಥ.

"ಲೊರೇನ್, ಇದನ್ನ ಬರೆದಿಡಿಸ್ಬೇಡ ಮಕ್ಕಳ ಕೈಲಿ."

"ಯಾಕೋ? ಗಣಿತ ಕಲೀಲಿ ಬಿಡು."

"ಆ ಗೋಡೆ ಉಸಿರಾಡುತ್ತೆ ಕಣೇ. ಅದರ ಬುಡದಲ್ಲಿ ಬರೀ ಜೇಡಿಮಣ್ಣು. ಬೇಸಿಗೆ ಬಿಸಿಲಿಗೆ ಮಣ್ಣು ಒಣಗುತ್ತಲ್ಲ, ಸೆಪ್ಟೆಂಬರಿಂದ ಬಾಯಿ ಬಿಡೋಕೆ ಶುರು. ಹಿಮ ಕರಗಿ ಮಣ್ಣು ನೀರು ಕುಡೀಲಿ, ಏಪ್ರಿಲ್ ಹೊತ್ತಿಗೆ ತಾನೇ ಮುಚ್ಕೊಳುತ್ತೆ. ನಾನು ಮೆತ್ತಿದ ಗಾರೆ ಎಲ್ಲ ಉಗುಳಿ ಹಾಕುತ್ತೆ. ಪ್ರತಿ ವರ್ಷ ಗುಡಿಸ್ತೀನಲ್ಲ, ನಂಗೊತ್ತಿಲ್ವಾ?"

"ಎಲ್ಲಾದ್ರೂ ಬರೆದಿಟ್ಟಿದ್ದೀಯಾ?"

"ಪೊರಕೆ ಹಿಡಿಯೋನು ಎಲ್ಲಿ ಬರೀಲಿ?"

"ಹಾಗಾದ್ರೆ ಅದು ಬರೀ ಮಾತು ಎಮಿಲ್. ಅಳತೆ ಅಲ್ಲ."

ಈ ಮಾತನ್ನು ನಾನೇ ಆಡಿದೆ, ಒಂದು ಥರದ ಜಂಬದಿಂದ ಆಡಿದೆ. ಎಮಿಲ್ ಟೋಪಿ ಹಾಕಿಕೊಂಡು ಹೋದ.

ಸತ್ಯ ಹೇಳಬೇಕೆಂದರೆ, ಆ ಹೊತ್ತಿಗಾಗಲೇ ನನಗೆ ಪ್ರಾಜೆಕ್ಟಿನ ಮೇಲೆ ಮೋಹ ಹುಟ್ಟಿತ್ತು. ಸೋಮವಾರ ಮೂರು ಗಂಟೆಗೆ ಬೆಲ್ಲು ಹೊಡೆದ ಮೇಲೂ ಒಂಬತ್ತು ಮಕ್ಕಳು ಮನೆಗೆ ಹೋಗದೆ ಜಿಮ್ಮಿನಲ್ಲಿ ಉಳಿಯುತ್ತಿದ್ದರು. ಸರಾಸರಿ ಎಂದರೆ ಏನೆಂದು ಮೂರು ವರ್ಷದಿಂದ ತಲೆಗೆ ಹೋಗದಿದ್ದ ಬ್ರೈಸ್, "ಇವತ್ತು ಮೂರು ಸಲ ಅಳೀಬೇಕು, ಒಂದು ಸಲದ್ದು ನಂಬೋಕಾಗಲ್ಲ" ಎಂದು ಬೇರೆಯವರನ್ನು ಗದರಿಸುತ್ತಿದ್ದ. ಅಕ್ಟೋಬರಿನಲ್ಲಿ ಮೊದಲ ಗಾಜು ಪಟ್ಟೆಂದು ಸೀಳಿದ ದಿನ ಅವರು ಕುಣಿದಾಡಿಬಿಟ್ಟರು. ನಾನೂ ಕುಣಿದೆ. ಮೂವತ್ತೊಂದು ವರ್ಷದಲ್ಲಿ ನನ್ನ ಗಣಿತಕ್ಕೆ ಮಕ್ಕಳು ಕುಣಿದದ್ದನ್ನು ನಾನು ಕಂಡಿರಲಿಲ್ಲ. ಆ ಸಂತೋಷವನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಹದಿಮೂರು ಸೋಮವಾರ ಅಳೆದಾಗಿತ್ತು, ಇನ್ನೊಂದು ಬಾಕಿ. ಶುರುವಿನಲ್ಲಿ ಮೊಳೆಗಳ ನಡುವೆ ಸರಿಯಾಗಿ ನಲವತ್ತು ಮಿಲಿಮೀಟರ್ ಇದ್ದದ್ದು ನಲವತ್ತಾರೂವರೆಗೆ ಬಂದಿತ್ತು. ಐದು ಗಾಜು ಒಡೆದಿದ್ದವು. ಮಕ್ಕಳು ದೊಡ್ಡ ಹಾಳೆಯಲ್ಲಿ ಗ್ರಾಫ್ ಬರೆಯುತ್ತಿದ್ದರು. ಆ ದಿನ ಕರ್ಟಿಸ್ ಕ್ಲಾಸಿನ ಹಿಂದೆ ನಿಂತು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದ. ಟೆಸ್ಸಾ ಪೆನ್ಸಿಲನ್ನು ಕೊನೆಯ ಚುಕ್ಕೆಯ ಮೇಲಿಟ್ಟು ನನ್ನ ಕಡೆ ನೋಡಿದಳು.

"ಮಿಸೆಸ್ ವಿ, ಈ ಗೆರೇನ ಮುಂದಕ್ಕೂ ಹೀಗೇ ನೇರ ಎಳೀಬೋದಾ? ಎಳೆದ್ರೆ ಎರಡು ವರ್ಷದಲ್ಲಿ ಗೋಡೆ ಬೀಳುತ್ತೆ ಅಂತ ಬರುತ್ತೆ. ಆದ್ರೆ ಚಳಿಗಾಲ ಕಳೆದ ಮೇಲೆ ಏನಾಗುತ್ತೋ ನಾವು ನೋಡೇ ಇಲ್ವಲ್ಲ."

ಎಳೆಯಬಾರದು ಎಂದು ನನಗೆ ಗೊತ್ತಿತ್ತು. ಒಂದೇ ಋತುವಿನ ಹದಿಮೂರು ಚುಕ್ಕೆ ಇಟ್ಟುಕೊಂಡು ಎರಡು ವರ್ಷದ ಗೆರೆ ಎಳೆಯುವವನನ್ನು ನಾನು ಬೇರೆ ಯಾವ ದಿನವಾದರೂ ಕಿವಿ ಹಿಂಡಿ ಕೂರಿಸುತ್ತಿದ್ದೆ. ಎಮಿಲ್ ಹೇಳಿದ್ದೂ ನೆನಪಿತ್ತು. ಆದರೆ ಫೋನು ನನ್ನ ಕಡೆ ತಿರುಗಿತ್ತು, ಹಳದಿ ಕಾರ್ಡು ಕೊರಳಲ್ಲಿತ್ತು.

"ನಿನಗೇನನ್ನಿಸುತ್ತೆ?" ಎಂದೆ.

ಕರ್ಟಿಸ್ ಹೆಬ್ಬೆರಳು ಎತ್ತಿ ತೋರಿಸಿದ. ಟೆಸ್ಸಾ ನನ್ನನ್ನೇ ನೋಡುತ್ತಿದ್ದಳು. ಏನೋ ಹೇಳುತ್ತೇನೆಂದು ಕಾದಳು. ನಾನು ನಗುಮುಖ ಮಾಡಿಕೊಂಡು ನಿಂತೆ.

"ಎಳಿಯೇ ನೇರಕ್ಕೆ!" ಎಂದ ಬ್ರೈಸ್. "ಬೋರ್ಡಿನವರು ಹೆದರಿದ್ರೇನೇ ರಿಪೇರಿ ಮಾಡ್ಸೋದು. ಸುಮ್‌ಸುಮ್ನೆ ಯಾರು ಮಾಡಿಸ್ತಾರೆ?"

ಟೆಸ್ಸಾ ಸ್ಕೇಲು ಇಟ್ಟು ಗೆರೆ ಎಳೆದಳು.

ಮಕ್ಕಳ ಪ್ರಾಜೆಕ್ಟಿನ ಪ್ರದರ್ಶನ ಜಿಮ್ಮಿನಲ್ಲೇ ನಡೆಯಿತು, ಕೊನೆಯ ಸೋಮವಾರದ ಅಳತೆ ಮುಗಿದ ಮೂರನೇ ದಿನ. ಬೋರ್ಡಿನ ಏಳೂ ಜನ ಬಂದರು. ಬರಲೇಬೇಕು, ಅವರೇ ನಮ್ಮ ನಿಜವಾದ ಜನ. ಕೈಯಲ್ಲಿ ಒಂದೊಂದು ಅಂಕಪಟ್ಟಿ, ಒಂದರಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಅಜ್ಜಿಯರ ಕೊಲಾಚೆ ತಿಂದು ಬೆರಳು ಒರೆಸಿಕೊಂಡು ಅವರು ಮುಂದಿನ ಸಾಲಿನಲ್ಲಿ ಕೂತರು. ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದರು, ಬ್ರೈಸ್ ಟೈ ಕಟ್ಟಿದ್ದ. ಟೆಸ್ಸಾ ಒಮ್ಮೆಯೂ ತಡವರಿಸದೆ ಹನ್ನೆರಡು ನಿಮಿಷ ಮಾತಾಡಿದಳು.

ಬೋರ್ಡಿನ ಅಧ್ಯಕ್ಷ ಡ್ವೈಟ್ ರೀಮರ್ಸ್, ಮಾರ್ಟನ್ನಿನಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟವನು, ಮುಂದಕ್ಕೆ ಬಗ್ಗಿ ಕೇಳಿದ. "ಅಂದ್ರೆ ಈ ಗೋಡೆ ಬೀಳುತ್ತೆ ಅಂತೀಯಾ ಮಗೂ?"

"ಗ್ರಾಫ್ ಪ್ರಕಾರ ಹೌದು ಸರ್. ರಿಪೇರಿ ಮಾಡದೇ ಇದ್ರೆ."

"ಎಷ್ಟು ದಿನದಲ್ಲಿ?"

"ಎರಡು ವರ್ಷ."

"ಭೇಷ್," ಎಂದ. ನೋಟು ಪುಸ್ತಕದ ಒಂದು ಪ್ರತಿ ಬೇಕೆಂದ. ಏಳೂ ಅಂಕಪಟ್ಟಿಯಲ್ಲಿ ಎಲ್ಲ ಸಾಲಿಗೂ ನಾಲ್ಕು. ನಾನು ಎಷ್ಟು ಉಬ್ಬಿದ್ದೆನೆಂದರೆ, ಆ ಪಟ್ಟಿಗಳನ್ನು ಎಣಿಸುತ್ತಾ ಎರಡು ಕೊಲಾಚೆ ತಿಂದೆ.

ಮರುದಿನ ಬೋರ್ಡಿನವರು ಕಳಿಸಿದ ಒಬ್ಬ ಎಂಜಿನಿಯರು ಬಂದ. ಬಂದು ಒಂದು ತಾಸಿನಲ್ಲಿ ಹೋದ. ಬಿರುಕಿಗಿಂತ ಹೆಚ್ಚು ಹೊತ್ತು ಟೆಸ್ಸಾಳ ಪುಸ್ತಕ ನೋಡಿದ. ಅಷ್ಟು ವರ್ಷದಲ್ಲಿ ಆ ಗೋಡೆಯ ಬಗ್ಗೆ ಯಾರಾದರೂ ಬರೆದಿಟ್ಟದ್ದು ಅದೊಂದೇ. ಸಂಜೆಯ ಹೊತ್ತಿಗೆ ಜಿಮ್ಮಿನ ಬಾಗಿಲಿಗೆ ಸರಪಳಿ ಬಿದ್ದಿತ್ತು, ಆ ಶುಕ್ರವಾರದ ಆಟ ರದ್ದಾಯಿತು. ಬಾಯ್ಲರಿನ ಕೋಣೆ ಅದೇ ಗೋಡೆಗೆ ಒರಗಿಕೊಂಡಿತ್ತು, ಹಾಗಾಗಿ ಇಡೀ ಕಟ್ಟಡವೇ ಅಪಾಯದ ಪಟ್ಟಿಗೆ ಸೇರಿತು, ಕ್ಲಾಸು ನಡೆಸಲು ಆ ವರ್ಷದ ಮಟ್ಟಿಗೆ ಮಾತ್ರ ಅನುಮತಿ ಸಿಕ್ಕಿತು.

ಜನವರಿಯ ಬೋರ್ಡ್ ಸಭೆಯಲ್ಲಿ ಮೇ ಕೊನೆಗೆ ಲಿಪಾ ಹೈಸ್ಕೂಲು ಮುಚ್ಚುವ ಮಾತು ಬಂತು. ಮಾತಾಡಲು ನಾನು ಎದ್ದು ನಿಂತೆ.

"ಆ ಗೋಡೆ ಚಳಿಗಾಲದ ಮೊದಲು ಬಾಯಿ ಬಿಡುತ್ತೆ, ವಸಂತದಲ್ಲಿ ಮತ್ತೆ ಕೂಡುತ್ತೆ. ನಮ್ಮ ಎಮಿಲ್ ನಲವತ್ತು ವರ್ಷದಿಂದ ನೋಡಿದ್ದಾನೆ."

ರೀಮರ್ಸ್ ಮರ್ಯಾದೆಯಿಂದಲೇ ಕೇಳಿದ. "ಎಲ್ಲಾದ್ರೂ ಬರೆದಿಟ್ಟಿದ್ದಾರಾ, ಮಿಸೆಸ್ ವೊಂದ್ರಾ?"

ಎಮಿಲ್ ಕೊನೆಯ ಸಾಲಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಅವನ ಕಡೆ ತಿರುಗಲಿಲ್ಲ. ತಿರುಗಲು ನನಗೆ ಮುಖವಿರಲಿಲ್ಲ.

"ಇಲ್ಲ," ಎಂದೆ.

"ನಿಮ್ಮ ಮಕ್ಕಳೇ ಅಳೆದು ತೋರಿಸಿದ್ದಾರಲ್ಲ, ಮೇಡಂ. ಅದನ್ನ ನಾವು ನಂಬಬಾರ್ದಾ?"

ಏಳಕ್ಕೆ ಆರು ಕೈ ಮೇಲೆದ್ದವು. ಲಿಪಾದವನೇ ಒಬ್ಬ ಕೈ ಎತ್ತಿದ. "ನಾಳೆ ಮಕ್ಕಳ ತಲೆ ಮೇಲೆ ಬಿದ್ರೆ ನಾನೇನು ಹೇಳ್ಲಿ?" ಎಂದು ಹೊರಗೆ ಬಂದು ಅತ್ತ. ಕರ್ಟಿಸ್ ನನ್ನನ್ನು ಕಾರಿನವರೆಗೂ ಹಿಂಬಾಲಿಸಿದ. ಬೇಜಾರಾಗಿದೆ ಎಂದ. ಆಮೇಲೆ ತಡೆಯಲಾರದೆ, "ಆದ್ರೂ ಲೊರೇನ್, ಯೋಚಿಸಿ ನೋಡಿ, ಮಕ್ಕಳ ಪ್ರಾಜೆಕ್ಟಿಂದ ಒಂದು ನಿಜವಾದ ನಿರ್ಧಾರ ಆಯ್ತು. ಎಷ್ಟು ಶಾಲೇಲಿ ಹೀಗಾಗುತ್ತೆ?" ಎಂದ. ಕಾರಿನ ಬಾಗಿಲನ್ನು ಅವನ ಮುಖದೆದುರೇ ಎಳೆದು ಹಾಕಿಕೊಂಡೆ.

ಊರಿನಲ್ಲಿ ಆ ಚಳಿಗಾಲ ಹೇಗೆ ಕಳೆಯಿತೋ. ಶುಕ್ರವಾರ ಬಂದರೆ ಜನಕ್ಕೆ ಎಲ್ಲಿ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ನಮ್ಮ ಹುಡುಗಿಯರು ಉಳಿದ ಆಟಗಳನ್ನೆಲ್ಲ ಬೇರೆಯವರ ಅಂಗಳದಲ್ಲಿ ಆಡಿ ಸೋತರು. ಒಂಬತ್ತು ಮಕ್ಕಳನ್ನು ಬೇರೆ ಮಕ್ಕಳು "ಎಂಜಿನಿಯರುಗಳೇ" ಎಂದು ಛೇಡಿಸುತ್ತಿದ್ದರು. ಅಂಗಡಿಯಲ್ಲಿ ಟೆಸ್ಸಾಳ ಅಮ್ಮನನ್ನು ಒಬ್ಬಳು ಮಾತಾಡಿಸದೆ ಹೋದಳಂತೆ. ನನ್ನನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಏಪ್ರಿಲ್ ಕೊನೆಯ ವಾರ ಕ್ಲಾಸು ಮುಗಿದ ಮೇಲೆ ಟೆಸ್ಸಾ ನನ್ನ ಮೇಜಿನ ಮೇಲೆ ನೋಟು ಪುಸ್ತಕ ಇಟ್ಟಳು. ತೆರೆದೆ. ಹದಿನಾಲ್ಕು ಸೋಮವಾರದ ಸಾಲಿನ ಕೆಳಗೆ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಇನ್ನೂ ಇಪ್ಪತ್ತು ಸೋಮವಾರಗಳಿದ್ದವು. ಕ್ರಿಸ್‌ಮಸ್ ರಜೆಯ ಸೋಮವಾರವನ್ನೂ ಬಿಟ್ಟಿರಲಿಲ್ಲ. ಜನವರಿಯಲ್ಲಿ ನಲವತ್ತೇಳು, ಫೆಬ್ರವರಿಯಲ್ಲೂ ಅಷ್ಟೇ, ನೆಲ ಹೆಪ್ಪುಗಟ್ಟಿತ್ತು. ಮಾರ್ಚಿನಿಂದ ಇಳಿಯಲು ಶುರು. ಈ ಸೋಮವಾರ ನಲವತ್ತು, ಅದರ ಮೇಲೊಂದು ಕೂದಲೆಳೆಯಷ್ಟು.

"ಎಮಿಲ್ ಸರಪಳಿ ತೆಗೆದು ಒಳಗೆ ಬಿಡ್ತಿದ್ರು," ಎಂದಳು. "ಪ್ರಾಜೆಕ್ಟ್ ಮುಗೀತು ಅಂತ ಗೋಡೆಗೆ ಗೊತ್ತಿಲ್ವಲ್ಲ, ಮಿಸೆಸ್ ವಿ."

ನನಗೆ ಅಳು ಬಂತು. ಅವಳ ಮುಂದೆ ಅಳಬಾರದೆಂದು ಕಿಟಕಿಯ ಕಡೆ ಹೋದೆ. ಹೊರಗೆ ಎಮಿಲ್ ಜಿಮ್ಮಿನ ಮುಂದೆ ಏನೋ ಗುಡಿಸುತ್ತಿದ್ದ. ಬಿರುಕು ಉಗುಳಿದ ಗಾರೆ ಇದ್ದೀತು.

ಮೇ ತಿಂಗಳ ಬೋರ್ಡ್ ಸಭೆಯಲ್ಲಿ ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಟೆಸ್ಸಾ ಹೊಸ ಗ್ರಾಫ್ ಬಿಡಿಸಿದಳು. ಗೆರೆ ಗುಡ್ಡದಂತೆ ಏರಿ, ಮತ್ತೆ ಇಳಿದು ಹೊರಟಲ್ಲಿಗೇ ಬಂದಿತ್ತು. "ನಾವು ಡಿಸೆಂಬರಲ್ಲಿ ಹೇಳಿದ್ದು ತಪ್ಪು," ಎಂದಳು. "ನಾವು ಮೂರು ತಿಂಗಳು ಮಾತ್ರ ನೋಡಿದ್ವಿ. ದಯವಿಟ್ಟು ಇನ್ನೊಂದ್ಸಲ ಎಂಜಿನಿಯರನ್ನ ಕರೆಸಿ. ಅವರು ಬೇಡ ಅಂದ್ರೆ ನಾವು ಸುಮ್ನಿರ್ತೀವಿ."

ರೀಮರ್ಸ್ ಪೂರ್ತಿ ಕೇಳಿದ. ಕನ್ನಡಕ ತೆಗೆದು ಗ್ರಾಫನ್ನು ಹತ್ತಿರ ತರಿಸಿಕೊಂಡು ನೋಡಿದ. ತಾತ್ಸಾರ ಮಾಡಿದ ಎಂದು ನಾನು ಹೇಳಲಾರೆ.

"ತುಂಬಾ ಒಳ್ಳೆ ಕೆಲಸ ಮಗೂ. ತಪ್ಪು ಒಪ್ಕೊಳೋದಕ್ಕೆ ಧೈರ್ಯ ಬೇಕು. ಆದ್ರೆ ಕೆಡವೋರಿಗೆ ಒಪ್ಪಂದ ಕೊಟ್ಟಾಯ್ತು. ಬಸ್ಸಿನ ದಾರಿ ಗೊತ್ತುಮಾಡಿ ಆಯ್ತು. ಟೀಚರುಗಳನ್ನ ಮಾರ್ಟನ್ನಿಗೆ ಹಾಕಿ ಆಯ್ತು. ಇವತ್ತಿನ ಸಭೇಲಿ ಆ ವಿಷಯನೇ ಇಲ್ಲ."

"ಮುಂದಿನ ಸಭೇಲಿ ತಗೋಬೋದಾ ಸರ್?"

"ಮುಂದಿನ ಸಭೆ ಜೂನ್ ಕೊನೇಲಿ."

ಕೆಡವುವುದು ಜೂನ್ ಎಂಟಕ್ಕೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಡಿಯಾರದ ಗಂಟೆ ಹೊಡೆಯಿತು, ಮೂರು ನಿಮಿಷ ಮುಗಿದಿತ್ತು. ಎರಡೂ ಗ್ರಾಫನ್ನು ಮಾರ್ಟನ್ ಶಾಲೆಯ ಬಾಗಿಲಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕೋಣ ಎಂದು ಕರ್ಟಿಸ್ ಸೂಚಿಸಿದ. ಬೋರ್ಡಿನವರು ಒಪ್ಪಿ ಚಪ್ಪಾಳೆ ತಟ್ಟಿದರು. ಟೆಸ್ಸಾ ಗ್ರಾಫನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ಕೊಡಲಿಲ್ಲ.

ಹೊರಗೆ ಕಾರುಗಳು ನಿಲ್ಲುವ ಜಾಗದಲ್ಲಿ ಅವಳು ನನಗಾಗಿ ಕಾದಿದ್ದಳು. ಗಾಳಿ ಜೋರಾಗಿತ್ತು.

"ಸೆಪ್ಟೆಂಬರಲ್ಲೇ ನಿಮಗೆ ಹೇಳಿದ್ದೆ ಅಂದ್ರು ಎಮಿಲ್."

"ಹೇಳಿದ್ದ."

"ಅವತ್ತು ಗೆರೆ ಎಳೀಲಾ ಅಂತ ಕೇಳಿದ್ನಲ್ಲ, ಮಿಸೆಸ್ ವಿ. ಎಳೀಬಾರ್ದು ಅಂತ ನಿಮಗೆ ಗೊತ್ತಿತ್ತಾ?"

ಆಗಲೂ ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಅಷ್ಟು ಅಭ್ಯಾಸವಾಗಿಹೋಗಿತ್ತು. ನುಂಗಿಕೊಂಡೆ.

"ಗೊತ್ತಿತ್ತು," ಎಂದೆ.

"ನನಗೆ ಗೊತ್ತಿರ್ಲಿಲ್ಲ," ಎಂದಳು. "ಅದಕ್ಕೇ ನಿಮ್ಮನ್ನ ಕೇಳಿದ್ದು." ಬ್ಯಾಗಿನಿಂದ ವರ್ನಿಯರ್ ತೆಗೆದು, "ಇದು ಶಾಲೇದು," ಎಂದು ನನ್ನ ಕೈಗಿಟ್ಟು ಅಮ್ಮನ ಕಾರಿನ ಕಡೆ ನಡೆದಳು.

ಜೂನ್ ಎಂಟಕ್ಕೆ ಕೆಡವುವ ಯಂತ್ರ ಬಂತು. ಗೋಡೆ ಸುಲಭಕ್ಕೆ ಬೀಳಲಿಲ್ಲ. ಎಮಿಲ್ ರಸ್ತೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದ. ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಗುದ್ದಿದರಂತೆ.

ಈಗ ನಾನು ಮಾರ್ಟನ್ನಿನಲ್ಲಿ ಕಲಿಸುತ್ತೇನೆ. ಹಳದಿ ಕಾರ್ಡು ಎಲ್ಲಿ ಬಿಸಾಕಿದೆನೋ ನೆನಪಿಲ್ಲ. ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಕರ್ಟಿಸನಿಗೆ ಅದು ಇಷ್ಟವಾಗುವುದಿಲ್ಲ. ಟೆಸ್ಸಾ ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಾಳೆ. ನಾನು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಾಳೆ. ಮರ್ಯಾದೆಯ ಹುಡುಗಿ, ಒಂದು ದಿನವೂ ಎದುರು ಮಾತಾಡಿಲ್ಲ. ವರ್ಷ ಮುಗಿಯುತ್ತಾ ಬಂತು, ನನ್ನನ್ನು ಅವಳು ಏನೂ ಕೇಳಿಲ್ಲ.